ಅರೆರೊಟ್ಟಿಯವರ ಪಾಲು

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಿ, ದಾರಿ ಬಿಟ್ಟಿದೆ. ಕೂತವರು ಮಾತ್ರ ಕೊನೆಗೆ ಕಣ್ಣೊರೆಸಿಕೊಂಡು "ಹಿಂಗೂ ಇರತೈತೇನು?" ಅನ್ನಬಾರದು. ಈ ಕತೆಯನ್ನು ಇಷ್ಟು ಚೆಂದ ಹೇಳುವ ಗಂಡಸು ಸುತ್ತ ಹತ್ತೂರಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ಕರೆದುಕೊಂಡು ಬನ್ನಿ, ನೋಡೋಣ.

ಹಿರೇಕೋಟೆಯ ಸೋಮಭೂಪಾಲ ರಾಜ ಡಂಗುರ ಹೊಡೆಸಿದ.

"ಕೇಳ್ರಪೋ ಕೇಳ್ರಿ! ರಾಜಕುಮಾರಿ ಮಲ್ಲಾದೇವಿ ಒಂದು ಮನೆತನದ ಹೆಸರು ಹೇಳತಾಳ. ಆ ಹೆಸರಿನ ಮ್ಯಾಲೆ ಮೂರು ಒಗಟು. ಬಿಡಿಸಿದವಗ ರಾಜಕುಮಾರಿ, ತಪ್ಪಿದವಗ ಅಮಾಸಿ ದಿನ ಕತ್ತಿ!"

ಅರಮನೆಯ ಲಾಯಕ್ಕೆ ಹುಲ್ಲು ಹೊರುವ ಗುದ್ಲೆಪ್ಪ ಇದನ್ನು ಕೇಳಿ ಹೊರೆಯನ್ನು ಅಲ್ಲೇ ಇಳಿಸಿದ. ಒಂದು ಬಿಸಿಲು ಹೊತ್ತಿನಲ್ಲಿ ಮಲ್ಲಾದೇವಿ ಕಿಟಕಿಯಿಂದ ಬಗ್ಗಿ, "ನೀರು ಕುಡಿದು ಹೋಗಪ್ಪಾ" ಅಂದಿದ್ದಳು. ಅವತ್ತಿನಿಂದ ಅವನಿಗೆ ಬೇರೆ ಯಾವ ಮಾತೂ ಕಿವಿಗೆ ಹತ್ತಿರಲಿಲ್ಲ. ಅವಳು ಸಿಗುವುದಾದರೆ ಕತ್ತಿಯ ಎದುರು ನಿಲ್ಲುವುದು ಅವನಿಗೇನೂ ದೊಡ್ಡದಲ್ಲ.

ಒಡ್ಡೋಲಗದ ಬಾಗಿಲಲ್ಲಿ ಕಾವಲಿನವನು ತಡೆದ.

"ಏ ಹುಲ್ಲಪ್ಪಾ, ಲಾಯ ಆ ಕಡಿಗೈತಿ."

"ಗೊತ್ತೈತಿ ಯಪ್ಪಾ. ಕುದುರಿ ಉಂಡು ಮುಗಿಸ್ಯಾವು. ಈಗ ನನ್ನ ಸರದಿ."

ಒಳಗೆ ಅವನಿಗಿಂತ ಮೊದಲು ಇಬ್ಬರು ನಿಂತಿದ್ದರು. ಜರಿ ರುಮಾಲಿನ ದೇಸಾಯಿ ಮಗ ಮುಂದೆ ಬಂದ. ಮಲ್ಲಾದೇವಿ ಮೆಲ್ಲಗೆ ಕೇಳಿದಳು: "ಅರೆರೊಟ್ಟಿ ಅಂತ ಒಂದು ಮನೆತನ. ಅವರಿಗೆ ಆ ಹೆಸರು ಇಟ್ಟವರು ಯಾರು? ಯಾವ ಸಂಕಟದಾಗ ಅದು ಹುಟ್ಟಿತು?"

"ಸಂಕಟ ಯಾಕ? ಅರ್ಧ ರಾಜ್ಯ ಗೆದ್ದ ಶೂರರಿಗೆ ದೊರೆ ಕೊಟ್ಟ ಬಿರುದು ಅದು!"

ಅವಳು ಅಲ್ಲವೆಂದು ತಲೆಯಾಡಿಸಿದಳು. ಭಟರು ಅವನನ್ನು ಎಳೆದೊಯ್ದರು, ರುಮಾಲು ಅಲ್ಲೇ ಬಿತ್ತು. ಎರಡನೆಯವನು ಸಾಹುಕಾರನ ಮಗ. "ಭಿಕಾರಿಗಳು ಇರಬೇಕು. ಇಡೀ ರೊಟ್ಟಿಗೆ ಗತಿ ಇಲ್ಲದವರಿಗೆ ಊರು ಇಟ್ಟ ಹೆಸರು" ಅಂದ. ಸಭೆ ನಕ್ಕಿತು. ಮಲ್ಲಾದೇವಿಯ ಕಣ್ಣು ತುಂಬಿತು. ಅವನೂ ಸೆರೆಮನೆ ಸೇರಿದ.

ಗುದ್ಲೆಪ್ಪನ ಎದೆ ಮಾತ್ರ ಡೊಳ್ಳು ಬಾರಿಸುತ್ತಿತ್ತು. ಅರೆರೊಟ್ಟಿ ಅವನದೇ ಮನೆತನದ ಹೆಸರು! ಊರಲ್ಲಿ ಅದನ್ನು ಯಾರೂ ಕರೆಯುವುದಿಲ್ಲ. ಎಲ್ಲರಿಗೂ ಅವನು ಹುಲ್ಲಿನ ಗುದ್ಲೆಪ್ಪ. ಆ ಸೀಮೆಯಲ್ಲಿ ಮನೆತನದ ಹೆಸರು ಹೊರಗೆ ಬರುವುದು ಹೆಣ್ಣು ಕೇಳಲು ಹೋದಾಗ. ಎರಡೂ ಕಡೆಯದು ಒಂದೇ ಹೆಸರಾದರೆ ಅವರು ಅಣ್ಣತಂಗಿ, ಮದುವೆಯ ಮಾತು ಅಲ್ಲಿಗೇ ನಿಂತಿತು. 'ಗೆದ್ದೆ' ಅಂದುಕೊಂಡು ಮುಂದೆ ಬಂದ.

"ದೊರೆಸಾನಿ, ಊರವರು ನಗುತ್ತ ಇಟ್ಟ ಹೆಸರು ಅದು. ಹಿಂದ ಶತ್ರುಗಳ ದಂಡು ಬಂದಾಗ ಊರಿಗೆ ಊರೇ ಓಡಿತು. ಆ ಗದ್ದಲದಾಗ ಒಬ್ಬ ಅಣ್ಣನ ಕೈಯಿಂದ ತಂಗಿ ಕೈ ಜಾರಿತು. ಅವತ್ತಿನಿಂದ ಆತ ರೊಟ್ಟಿ ಮುರಿದು ಅರ್ಧ ಆಕಿಗಂತ ಇಡತಿದ್ದ. ಜನ 'ಅರೆರೊಟ್ಟಿ ಬಂದ ನೋಡ್ರಿ' ಅಂತ ಆಡಿಕೊಂಡರು."

ಸಭೆಯ ನಗು ನಿಂತಿತು. ಮಲ್ಲಾದೇವಿ ಎರಡು ಹೆಜ್ಜೆ ಕೆಳಗಿಳಿದಳು.

"ಬುಟ್ಟಿ ತುಂಬ ರೊಟ್ಟಿ ಇದ್ದರೂ ಆ ಮನಿಯವರು ಅರ್ಧ ಮುರೀತಾರ. ಹಂಗಾರ ಅವರ ಹೆಸರು ಯಾವ ಅರ್ಧದ್ದು? ತಿಂದದ್ದೋ, ಇಟ್ಟದ್ದೋ?"

"ಇಟ್ಟದ್ದು. ತಂಗಿ ಬರಲೇ ಇಲ್ಲ, ದಾರಿಹೋಕರು ಬಂದು ಉಂಡರು. ಆದರೂ ಇಡೋದು ಬಿಡಲಿಲ್ಲ. ಇಡುವಾಗ ಮನಿ ಹೆಣ್ಮಕ್ಕಳು ಒಂದು ಮಾತು ಅಂತಾರ, 'ಬರೋರದು ಬರೋರಿಗೆ' ಅಂತ."

"ಬರೋರದು ಬರೋರಿಗೆ..." ಮಲ್ಲಾದೇವಿಯೂ ಅಂದಳು, ಅದೇ ರಾಗದಲ್ಲಿ. "ಈ ಕತಿ ಹೇಳಿ ರೊಟ್ಟಿ ಇಡುವಾಗ ನಮ್ಮವ್ವ ಅಂತಿದ್ದಳು."

ರಾಜನೇ ಎದ್ದು ನಿಂತು ಹೇಳಿದ: "ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಹೊಳೆ ಉಕ್ಕಿದ ವರ್ಷ ಮರದ ಕೊಂಬೆಯಲ್ಲಿ ಸಿಕ್ಕಳು. 'ಯಾರ ಮಗಳವ್ವಾ' ಅಂದರೆ 'ಅರೆರೊಟ್ಟಿಯವರಾಕಿ' ಅಂದಳು, ಊರು ಹೇಳಲು ಬರಲಿಲ್ಲ. ಅವಳವರನ್ನು ಬಲ್ಲವನು ಸಿಗಲಿ ಅಂತಲೇ ಈ ಒಗಟು. ಹೆಸರು ಮೊದಲೇ ಸಾರಿದ್ದರೆ ಸುಳ್ಳು ನೆಂಟರು ಸಾಲುಗಟ್ಟುತ್ತಿದ್ದರು."

ಒಂದೇ ಮನೆತನ! ಹಾಗಾದರೆ ಇವಳು ಗುದ್ಲೆಪ್ಪನಿಗೆ ತಂಗಿಯಾದಳು.

"ಕಡೀ ಒಗಟು" ಅಂದಳು ಮಲ್ಲಾದೇವಿ. ದನಿ ಒಡೆದಿತ್ತು. "ಆ ಹೆಸರಿನವರು ಎಲ್ಲೆಲ್ಲಿ ಅದಾರ? ನನಗ ಎಲ್ಲಾರಿಗಿಂತ ಸಮೀಪದವರು ಎಲ್ಲಿ?"

"ಒಂದೂರಿಗೆ ಒಂದೇ ಮನಿ, ದೊರೆಸಾನಿ. ಗುಡ್ಡದಿಂದ ಹೊಳಿತನಕ, ದಾರಿ ಹಿಡಿದು. ತಂಗೀನ ಹುಡುಕಿಕೊಂಡು ಹೋದ ಮಕ್ಕಳು, ಮೊಮ್ಮಕ್ಕಳು ಒಬ್ಬೊಬ್ಬರು ಒಂದೊಂದು ಊರಾಗ ನಿಂತರು. ಆಕಿ ಯಾವ ದಾರಿಯಿಂದ ಬಂದರೂ ಅಲ್ಲೊಂದು ಅರ್ಧ ರೊಟ್ಟಿ ಇರಲಿ ಅಂತ. ಅದಕ್ಕ ಅವರು ಅಷ್ಟು ವಿರಳ."

"ಸಮೀಪದವರು?"

ಗುಡ್ಡದ ಊರೊಂದನ್ನು ಹೆಸರಿಸಿದ್ದರೆ ಸಾಕಿತ್ತು. ಅವನ ಮನೆತನ ಆ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಳೆಯೇ ಬಾಸಿಂಗ, ತೋರಣ. ಅವನು ಅವಳನ್ನು ನೋಡಿದ. ಕಂಬಕ್ಕೆ ಆತುಕೊಂಡು ನಿಂತಿದ್ದಳು, ನೀರು ಇಳಿಯುವುದನ್ನು ಕೊಂಬೆಯಿಂದ ಕಾಯುವ ಕೂಸಿನ ಹಾಗೆ.

"ಇಲ್ಲೇ ಅದಾರ" ಅಂದ. "ದಿನಾ ನಿನ್ನ ಕಿಟಕಿ ಕೆಳಗ ಹುಲ್ಲು ಇಳಸ್ತಾರ. ನಾ ಅರೆರೊಟ್ಟಿ ಗುದ್ಲೆಪ್ಪ."

ರಾಜ ತಡವರಿಸಿದ. "ಹಾಗಾದರೆ ಈ ಮದುವೆ..."

"ಆಗೂದಿಲ್ಲ, ದೊರೆ."

"ಮೂರೂ ಬಿಡಿಸಿದ್ದೀ. ಬೇರೆ ಏನಾದರೂ ಕೇಳು."

"ಸೆರೆಮನಿಯಾಗಿರೋರನ್ನ ಬಿಟ್ಟುಬಿಡ್ರಿ. ಗೊತ್ತಿಲ್ಲದ್ದು ತಪ್ಪಲ್ಲ." ಕಣ್ಣು ಒತ್ತಿಕೊಂಡು ಅವನೇ ನಕ್ಕ. "ಆ ದೇಸಾಯಿ ಮಗನ ರುಮಾಲೂ ಕೊಟ್ಟು ಕಳಸ್ರಿ."

ಮಲ್ಲಾದೇವಿ ಒಳಗೆ ಓಡಿದಳು. ಅರಮನೆಯಲ್ಲಿ ಬೆಳೆದರೂ ಅವಳು ಒಂದು ದಿನವೂ ಇಡೀ ರೊಟ್ಟಿ ಉಂಡವಳಲ್ಲ. ತೆಗೆದಿಟ್ಟದ್ದನ್ನು ಆಳುಗಳು ಕಾಗೆಗೆ ಹಾಕುತ್ತಿದ್ದರು. ಅವತ್ತಿನದು ಇನ್ನೂ ತಟ್ಟೆಯಲ್ಲಿತ್ತು. ಹಿಡಿದು ತಂದು ಅವನ ಮುಂದೆ ಕೂತಳು.

"ತಡಾ ಮಾಡಿದೆ, ಅಣ್ಣಾ. ಉಣ್ಣು."

ಗುದ್ಲೆಪ್ಪನಿಗೆ ಕೊನೆಗೆ ಸಿಕ್ಕಿದ್ದು ಅರ್ಧ ರೊಟ್ಟಿ, ಒಬ್ಬ ತಂಗಿ.