ಪಲ್ಲಕ್ಕಿಯ ಹೆಡ್‌ಫೋನು

“ಮತ್ತೆ ಬಾಗಿಲು ಬಡಿದಿರಾ? ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಲು ಈ ಅರಮನೆಯಲ್ಲಿ ನನ್ನನ್ನು ಬಿಡುವವರೇ ಇಲ್ಲ. ಊಟಕ್ಕೆ ಕರೆಯಲು ಒಬ್ಬರು, ಊಟ ಆಯಿತೇ ಎಂದು ಕೇಳಲು ಇನ್ನೊಬ್ಬರು! ನಾಳೆ ಸಭೆಯಲ್ಲಿ ಮೂರು ಒಗಟು ಕೇಳುತ್ತೇನೆ. ಬಿಡಿಸಿದವನು ಬೇಡಿದ್ದನ್ನು ಕೊಡುತ್ತೇನೆ. ತಪ್ಪಿದವನ ತಲೆ ತೆಗೆಸುತ್ತೇನೆ.”

ಡಂಗುರದವನು ಇದನ್ನು ಒಂದಕ್ಷರ ಬಿಡದೆ ಬೀದಿ ಬೀದಿಯಲ್ಲಿ ಕೂಗಿದ. ಬೈಗುಳವನ್ನೂ ಸೇರಿಸಿಯೇ ಕೂಗಬೇಕೆಂದು ಯುವರಾಣಿ ಮಾಚಲೆಯ ಅಪ್ಪಣೆಯಾಗಿತ್ತು.

ಆ ನಾಡಿನಲ್ಲಿ ಅರಸರೂ ಇದ್ದರು, ಹೆಡ್‌ಫೋನುಗಳೂ ಇದ್ದವು. ಅದು ಹೇಗೆ ಎನ್ನುವವರು ಬೇರೆ ಕತೆ ಹುಡುಕಿಕೊಳ್ಳಲಿ. ಮಾಚಲೆಯ ಹಳೆಯ ಜೋಡಿ ತೆಳ್ಳಗಿತ್ತು, ಹೊರಗಿನ ಸದ್ದೆಲ್ಲ ಒಳಗೆ ಬರುತ್ತಿತ್ತು. ಅದಕ್ಕೆಂದು ಮಂತ್ರಿ ಬೊಪ್ಪರಸ ಹೊಸದೊಂದನ್ನು ತಂದುಕೊಟ್ಟಿದ್ದ. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ಮಡಚಿ ಕೈಚೀಲದಲ್ಲಿಟ್ಟು ಎಲ್ಲಿಗಾದರೂ ಒಯ್ಯಬಹುದಾದದ್ದು. ಸಭೆಯವರೆಲ್ಲ ಒಬ್ಬರ ಕೈಯಿಂದೊಬ್ಬರು ತೆಗೆದುಕೊಂಡು, ತಲೆಗೆ ಮುಟ್ಟಿಸಿ, “ಆಹಾ” ಎಂದಿದ್ದರು. ಮಾಚಲೆ ಒಂದು ಮಧ್ಯಾಹ್ನ ಹಾಕಿಕೊಂಡು ಕುಳಿತಳು. ಸಂಜೆಗೆ ಕಿವಿ ಕೆಂಪೇರಿ ಉರಿಯುತ್ತಿತ್ತು.

ಅಂದಿನಿಂದ ಅವಳಿಗೆ ಎಲ್ಲರ ಮೇಲೂ ಅನುಮಾನ. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಸಲೀಸಾಗಿ ಸುಳ್ಳಾಡುವವರು, ಕಣಜದಲ್ಲಿ ಭತ್ತವಿದೆ, ಗಡಿಯಲ್ಲಿ ಶಾಂತಿಯಿದೆ ಎನ್ನುವುದನ್ನು ನಂಬುವುದು ಹೇಗೆ?

ಮರುದಿನ ಹೆಡ್‌ಫೋನನ್ನು ಸಭೆಯ ನಡುವೆ ಪೀಠದ ಮೇಲಿಡಿಸಿ ಮೊದಲ ಒಗಟು ಕೇಳಿದಳು. “ಬಂದಾಗ ಹೂವಿನ ಹಾಗೆ ಮೆತ್ತಗೆ ಅಪ್ಪಿಕೊಳ್ಳುತ್ತದೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ ನೀರು ತರಿಸುತ್ತದೆ. ಏನದು?”

ನೆರೆನಾಡಿನ ಅರಸುಮಗ ಮೀಸೆ ತೀಡಿಕೊಂಡ. ಮಂತ್ರಿಯ ಕಡೆ ಒಮ್ಮೆ ನೋಡಿದ. ಆ ನೋಟ ಮಾಚಲೆಯ ಕಣ್ಣು ತಪ್ಪಲಿಲ್ಲ. “ಪ್ರೇಮ, ಯುವರಾಣಿ!”

“ನಿನ್ನ ಪ್ರೇಮಕ್ಕಿಷ್ಟು! ಎಳೆದುಕೊಂಡು ಹೋಗಿ.”

ಎರಡನೆಯದಕ್ಕೆ ಮಂತ್ರಿಯ ಸೋದರಳಿಯ ದೇಕರಸ ಎದ್ದ. ಮಾಚಲೆ ಕೇಳಿದಳು, “ಒಬ್ಬ ನೆಂಟ ಬಂದ. ಅವನ ಗದ್ದಲದಿಂದ ಮನೆ ತುಂಬಿತೆಂದು ಎಲ್ಲರೂ ಹಿಗ್ಗಿದರು. ಮನೆಯೊಡತಿ ಆಡಿದ ಮಾತು ಮಾತ್ರ ಯಾರಿಗೂ ಕೇಳಿಸಲಿಲ್ಲ. ಯಾರಾ ನೆಂಟ?”

“ಅಳಿಯ,” ಎಂದ ದೇಕರಸ. ಸಭೆ ನಕ್ಕಿತು. ಮಾಚಲೆ ನಗಲಿಲ್ಲ. ಅವನೂ ಸೆರೆಮನೆಗೆ ಹೋದ.

“ಮೂರನೆಯದು. ಕೋಟೆಯ ಬಾಗಿಲನ್ನು ಎಷ್ಟು ಬಿಗಿಯಾಗಿ ಮುಚ್ಚಿದರೆ ಅಷ್ಟು ಜೋರಾಗಿ ಕೇಳಿಸುವ ಕಳ್ಳನ ಹೆಜ್ಜೆ ಯಾರದು?”

“ನಾನಲ್ಲ!” ಎಂದುಬಿಟ್ಟ ಬೊಪ್ಪರಸ.

ಮಾಚಲೆ ಮಂತ್ರಿಯನ್ನೇ ನೋಡುತ್ತಿರುವಾಗ ಬಾಗಿಲ ಬಳಿಯಿಂದ ಒಬ್ಬ ಮುಂದೆ ಬಂದ. ಹೆಗಲ ಮೇಲೆ ಮಡಚಿದ ಕಂಬಳಿ, ಕಿವಿಯಲ್ಲಿ ಒಂಟಿ. ಅವಳ ಪಲ್ಲಕ್ಕಿ ಹೊರುವ ಜಟ್ಟಿಂಗ.

“ನಾನು ಹೇಳಬಹುದಾ ತಾಯಿ?”

“ನಿನ್ನನ್ನು ಯಾರು ಕಳಿಸಿದರು?”

“ನನ್ನ ಅಣ್ಣನ ಕಾಲು. ಪಲ್ಲಕ್ಕಿಯ ಹಿಂಬದಿ ಹೊರುವ ನಮಗೆ ದಾರಿ ಕಾಣುವುದಿಲ್ಲ. ಮುಂದಿನವನು ‘ಕಲ್ಲು’, ‘ತಗ್ಗು’ ಎಂದು ಕೂಗಿದರೆ ಹೆಜ್ಜೆ ಸರಿಮಾಡಿಕೊಳ್ಳುತ್ತೇವೆ. ಹಾಡು ಕೆಡುತ್ತದೆಂದು ನೀವು ಕೂಗು ನಿಲ್ಲಿಸಿದಿರಿ. ಅಣ್ಣ ತಗ್ಗಿನಲ್ಲಿ ಬಿದ್ದು ಕಾಲು ಮುರಿದುಕೊಂಡ. ನನಗೆ ಬೇಕಾದದ್ದು ಆ ಕೂಗು, ಅಷ್ಟೇ.”

“ತಪ್ಪಿದರೆ ತಲೆ ಹೋಗುತ್ತದೆ, ಗೊತ್ತೇ?”

“ಕಾಣದ ದಾರಿಯಲ್ಲಿ ದಿನವೂ ಹೋಗುತ್ತಿದೆಯಲ್ಲ.”

ಅವನು ಪೀಠದ ಮೇಲಿನ ಹೆಡ್‌ಫೋನು ಎತ್ತಿ ಹಾಕಿಕೊಂಡ. ಹಾಡು ಹಚ್ಚಲು ಹೇಳಿ ನೆಲದ ಮೇಲೆ ಕುಳಿತ. ಒಂದು ಹಾಡು ಮುಗಿಯಿತು, ಇನ್ನೊಂದು ಮುಗಿಯಿತು. ಆಸ್ಥಾನಿಕರು ಆಕಳಿಸಿದರು. ಹೊತ್ತು ಕಳೆಯಲೆಂದೇ ಬಂದ ಕಳ್ಳನಿವನು ಎಂದು ಮಂತ್ರಿ ಪಿಸುಗುಟ್ಟಿದ. ಇವನೂ ಯಾರದೋ ಕಡೆಯವನೇ ಇರಬೇಕೆಂದು ಮಾಚಲೆಗೂ ಅನ್ನಿಸಿತು. ಜಟ್ಟಿಂಗ ಸೊಂಟದಿಂದ ಕೊಬ್ಬರಿ ಚೂರು ತೆಗೆದು ಅಗಿದ, ತಟ್ಟನೆ ಅಗಿಯುವುದನ್ನು ನಿಲ್ಲಿಸಿದ, ಮತ್ತೆ ಅಗಿದು ನಕ್ಕ. ನೆರಳು ಕಂಬ ದಾಟಿದ ಮೇಲೆ ಮುಖ ಹಿಂಡಿಕೊಂಡು ಅದನ್ನು ತೆಗೆದ. ಕಿವಿ ಕೆಂಪಾಗಿತ್ತು.

“ಮೊದಲನೆಯದು ಕಿವಿಯ ಮೇಲೆ ಕೂರುವ ಈ ದಿಂಬು ತಾಯಿ. ಹಾಕಿಕೊಂಡಾಗ ಹಾಯ್ ಅನ್ನಿಸುತ್ತದೆ. ಆಮೇಲೆ ಬೆವರುತ್ತದೆ, ಒಂಟಿಯನ್ನು ಒಳಕ್ಕೆ ಒತ್ತುತ್ತದೆ. ನೀವು ಬುಗುಡಿ ಹಾಕುವವರು, ನಿಮಗೆ ಇನ್ನೂ ಕಷ್ಟ. ಗದ್ದಲದ ನೆಂಟ ಇದರೊಳಗೆ ಕೇಳುವ ಮದ್ದಳೆ. ಧಂ ಧಂ ಅನ್ನುವಾಗ ಎದೆ ತುಂಬುತ್ತದೆ, ಹಾಡುವವಳು ಏನಂದಳೆಂದು ತಿಳಿಯುವುದೇ ಇಲ್ಲ.”

“ಕಳ್ಳ ಯಾರು?”

“ನಾನೇ. ಹೊರಗಿನದೆಲ್ಲ ನಿಂತ ಮೇಲೆ ಕೊಬ್ಬರಿ ಅಗಿಯುವುದು ಗಾಣ ತಿರುಗಿದಂತೆ ಕೇಳಿಸಿತು. ಎಂಜಲು ನುಂಗಿದರೆ ಬಾವಿಗೆ ಕೊಡ ಬಿಟ್ಟಂತೆ. ಒಳಗೆ ಬೇರೆ ಯಾರೂ ಇರಲಿಲ್ಲ.”

ಮಾಚಲೆ ಸಿಂಹಾಸನದಿಂದ ಎದ್ದು ನಿಂತಳು. ಮಂತ್ರಿಯ ಮೇಲಿನ ಅವಳ ಕಣ್ಣು ಮೆಲ್ಲಗೆ ಈಚೆ ಬಂತು.

“ಮೂರೂ ಸರಿ. ಹಾಗಾದರೆ ಇದನ್ನು ಎಸೆಯಲೇ?”

“ಬೇಡ. ಹೊರಗಿನ ಸದ್ದನ್ನು ಇದು ಚೆನ್ನಾಗಿ ತಡೆಯುತ್ತದೆ, ನಮ್ಮ ಕೂಗು ನಿಮಗೆ ಮುಟ್ಟುವುದಿಲ್ಲ. ದಿಂಬನ್ನು ಕಿವಿಯ ಸುತ್ತ ಕೂರುವಷ್ಟು ಅಗಲ ಮಾಡಿಸಿ. ಮದ್ದಳೆಯ ಅಬ್ಬರ ಇಳಿಸುವ ತಿರುಪಿದ್ದರೆ ಇಳಿಸಿ, ಇಲ್ಲದಿದ್ದರೆ ಅದೊಂದು ಕೊರತೆ ಇರುತ್ತದೆ.”

ಅವಳು ಕೂಗಿಗೆ ಅಪ್ಪಣೆ ಕೊಟ್ಟಳು. ಅಣ್ಣನ ಮನೆಗೆ ವೈದ್ಯರನ್ನು ಕಳಿಸಿದಳು. ಸೆರೆಯಲ್ಲಿದ್ದವರನ್ನೂ ಬಿಡಿಸಿದಳು. “ಆ ತಲೆಗಳನ್ನು ತೆಗೆದು ನಾನೇನು ಮಾಡಲಿ, ಒಳಗೇನಾದರೂ ಇದ್ದರೆ ತಾನೆ!” ಇನ್ನು ತನ್ನ ಮುಂದೆ ಏನನ್ನಾದರೂ ಹೊಗಳುವವರು ಅದನ್ನು ಒಂದು ಹಗಲು ಬಳಸಿ ಬರಬೇಕೆಂದು ಹೇಳಿದಳು. ಬೊಪ್ಪರಸ ತಲೆ ತಗ್ಗಿಸಿದ. ಜಟ್ಟಿಂಗನಿಗೆ ಪಲ್ಲಕ್ಕಿಯವರ ಮೇಲಿನ ಯಜಮಾನಿಕೆ ಸಿಕ್ಕಿತು.

ಅವನು ಕೈಮುಗಿದು ಹೊರಟವನು ಬಾಗಿಲಲ್ಲಿ ನಿಂತ.

“ತಪ್ಪು ತಿಳಿಯಬೇಡಿ ತಾಯಿ. ಹಾಡು ನಡೆಯುವಾಗ ನಿಮ್ಮ ಬೆರಳು ಪಲ್ಲಕ್ಕಿಯ ಹಲಗೆಗೆ ತಾಳ ಹಾಕುತ್ತದೆ, ಹೊತ್ತವರ ಹೆಗಲಿಗೆ ಅದು ತಿಳಿಯುತ್ತದೆ. ಹಾಡು ಮುಗಿದರೆ ಬೆರಳು ನಿಲ್ಲುತ್ತದೆ. ಆದರೂ ಎಷ್ಟೋ ದೂರ ನೀವು ಹೆಡ್‌ಫೋನನ್ನು ಕಿವಿಯಿಂದ ತೆಗೆಯುವುದಿಲ್ಲ.”

“ಅದಕ್ಕೇನು?”

“ಆಗ ಏನು ಕೇಳಿಸಿಕೊಳ್ಳುತ್ತಾ ಕೂತಿರುತ್ತೀರಿ?”

ಮಾಚಲೆ ಬಾಯಿ ತೆರೆದಳು. ಸಭೆಯೆಲ್ಲ ಕಾಯಿತು. ಅವಳು ಹೆಡ್‌ಫೋನನ್ನು ಎತ್ತಿಕೊಂಡು, ಹಾಡು ಹಚ್ಚದೆಯೇ ಕಿವಿಗೆ ಹಾಕಿಕೊಂಡಳು.