ಎಡಗೈ ಕೋಲು, ಬಲಗೈ ಕೋಲು

"ಕೇಳ್ರಪ್ಪೋ ಕೇಳ್ರಿ! ನಮ್ಮ ರಾಜಕುಮಾರಿ ಹೊನ್ನಾಂಬೆಗೆ ಆಟದ ವಿಮಾನವೆಂದರೆ ಪ್ರಾಣ. ಅದನ್ನು ಹಾರಿಸುವ ರೇಡಿಯೋ ಪೆಟ್ಟಿಗೆಯ ಮೇಲೆ ಮೂರು ಒಗಟು! ಬಿಡಿಸಿದವನಿಗೆ ಮದುವೆ, ಅರ್ಧ ರಾಜ್ಯ. ತಪ್ಪಿದವನಿಗೆ ಕತ್ತಿ!"

ಡಂಗುರ ಬಿದ್ದದ್ದೇ ತಡ, ಮೇದರ ಬಸವಂತ ಎದ್ದು ನಿಂತ. ಬುಟ್ಟಿ ಹೆಣೆಯುವ ಬಿದಿರಿನಲ್ಲೇ ಅವನೂ ತಮ್ಮ ಕೇತನೂ ಪುಟ್ಟ ವಿಮಾನ ಕಟ್ಟಿ ಹಾರಿಸುತ್ತಿದ್ದರು. ಆದರೆ ದಿನಾ ಒಂದೇ ಜಗಳ. ಪೆಟ್ಟಿಗೆಗೆ ಎರಡು ಪುಟ್ಟ ಕೋಲು, ಒಂದು ವೇಗಕ್ಕೆ, ಒಂದು ತಿರುಗಿಸೋಕೆ. ವೇಗದ ಕೋಲು ಕೇತನಿಗೆ ಎಡಗೈಗೇ ಬೇಕು, ಅಣ್ಣನಿಗೆ ಬಲಗೈಗೇ ಬೇಕು. ಒಬ್ಬನ ಪೆಟ್ಟಿಗೆ ಇನ್ನೊಬ್ಬನ ಕೈಗೆ ಒಗ್ಗದು.

"ಜೊತೆಗೆ ಬಾರೋ ತಮ್ಮಾ, ಒಬ್ಬನೇ ಹೋಗೋಕೆ ಎದೆ ಹೊಡ್ಕೊಳ್ತದೆ."

"ನೀನುಂಟು, ನಿನ್ನ ಪೆಟ್ಟಿಗೆಯುಂಟು. ಹೋಗಣ್ಣಾ!" ಎಂದು ಕೇತ ಸಿಡುಕಿದ.

ಅಣ್ಣ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಮೂರನೇ ಒಗಟಿಗೆ ಎಡವಿದ, ತಲೆ ಹೋಯಿತು. ಅಯ್ಯೋ, ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು! ತಾನು ಸಿಡುಕಿದ್ದನ್ನು ನೆನೆದು ಕೇತ ಅತ್ತ ಅಳು ಅಷ್ಟಿಷ್ಟಲ್ಲ.

ಮರುದಿನ ಅವನೂ ಅರಮನೆಗೆ ನಡೆದ. ಮದುವೆಯ ಆಸೆಗಲ್ಲ. ಗೆದ್ದರೆ ಆ ಕತ್ತಿಯನ್ನು ಒರೆಗೆ ಸೇರಿಸಬೇಕು, ಸೋತರೆ ಅಣ್ಣನ ದಾರಿಯೇ ತನ್ನ ದಾರಿ.

"ಬಾಯಿಲ್ಲದೆ ಕೂಗುತ್ತದೆ. ಊರೆಲ್ಲ ಇದ್ದರೂ ಒಂದೇ ಕಿವಿಗೆ ಕೇಳುತ್ತದೆ. ಏನದು?" ಎಂದಳು ಹೊನ್ನಾಂಬೆ.

"ಚಾಡಿಮಾತು!" ಎಂದ ಸಾಲಿನಲ್ಲಿ ಮುಂದಿದ್ದ ಸೆಟ್ಟಿಯ ಮಗ. ಭಟರು ಎಳೆದೊಯ್ದರು. ದಳವಾಯಿಯ ಮಗ "ದೇವರು!" ಎಂದ. ದೇವರೂ ಕಾಯಲಿಲ್ಲ.

ಕೇತ ಅವಳ ಮುಂದಿದ್ದ ರೇಡಿಯೋ ಪೆಟ್ಟಿಗೆಯತ್ತ ಬೆರಳು ತೋರಿಸಿದ. "ಈ ಪೆಟ್ಟಿಗೇನೇ, ತಾಯಿ. ಇದು ಕೂಗಿದ್ದು ಇದರ ಜೋಡಿ ವಿಮಾನಕ್ಕೆ ಮಾತ್ರ ಕೇಳ್ತದೆ."

"ಒಂದೇ ಮನೆಯ ಅಣ್ಣತಮ್ಮ. ಒಬ್ಬ ಬಿಟ್ಟಲ್ಲೇ ನಿಲ್ಲುತ್ತಾನೆ, ಇನ್ನೊಬ್ಬ ಬಿಟ್ಟ ಕೂಡಲೇ ನಡುಮನೆಗೆ ಓಡಿಬರುತ್ತಾನೆ. ಯಾರವರು?" ಎಂದು ಹೊನ್ನಾಂಬೆ ಎರಡನೇ ಒಗಟು ಹಾಕಿದಳು.

ಅಣ್ಣತಮ್ಮ ಎಂದದ್ದೇ ಕೇತನಿಗೆ ಅಣ್ಣ ನೆನಪಾದ. "ಎರಡು ಕೋಲು, ತಾಯಿ. ವೇಗದ್ದು ಬಿಟ್ಟಲ್ಲೇ ನಿಲ್ತದೆ. ತಿರುಗಿಸೋದು ಕೈ ಬಿಟ್ರೆ ನಡುವಿಗೆ ಬರ್ತದೆ."

ಮೂರನೇ ಒಗಟಿಗೆ ಅವಳು ಉಗ್ರಾಣದ ಬಾಗಿಲು ತೆರೆಸಿದಳು. ನೂರು ಪೆಟ್ಟಿಗೆ! ಬಂಗಾರದ್ದು, ಮೂವತ್ತು ಗುಂಡಿಯದು. "ಹೊಸದಾಗಿ ಕಲಿಯುವವಳಿಗೆ ಇವುಗಳಲ್ಲಿ ಯಾವುದು ಒಳ್ಳೆಯದು?"

"ಕಲಿಯುವಾಗ ಪಕ್ಕದಲ್ಲಿ ನಿಲ್ಲೋರು ಯಾರು?"

"ನಮ್ಮ ದಾದಿ."

"ಹಾಗಾದ್ರೆ ಆಕೆಯ ಕೈಯಲ್ಲಿರೋ ಥರದ್ದೇ, ವೇಗದ ಕೋಲು ಅದೇ ಕಡೆ ಇರೋದು. ನಿಮ್ಮ ಕೈ ತಪ್ಪಿದಾಗ ಆಕೆ ಕೋಲು ಹಿಡಿದು ವಿಮಾನ ಉಳಿಸ್ತಾಳೆ. ಬೇರೆ ಥರದ್ದಾದ್ರೆ ನೋಡ್ತಾ ನಿಲ್ಲೋದೇ ಗತಿ."

"ಭಲೆ!" ಎಂದು ರಾಜ ಸಿಂಹಾಸನದಿಂದ ಎದ್ದ. "ಇಷ್ಟು ಬಲ್ಲವನು ನಿನ್ನೆಯೇ ಯಾಕಯ್ಯಾ ಬರಲಿಲ್ಲ?"

"ನಿನ್ನೆ ಅಣ್ಣ ಜೊತೆಗೆ ಕರೆದಿದ್ದ, ನಾನೇ ಬರಲಿಲ್ಲ" ಎಂದ ಕೇತ. ಮದುವೆಯೂ ರಾಜ್ಯವೂ ಬೇಡವೆಂದು ಕೈಮುಗಿದು, ಎರಡೇ ಬೇಡಿದ: ಕತ್ತಿ ಒರೆ ಸೇರಲಿ, ಅಣ್ಣನ ಪೆಟ್ಟಿಗೆ ಕೊಡಿಸಿ. ರಾಜ ಎರಡನ್ನೂ ಕೊಟ್ಟ.

ಅಂದಿನಿಂದ ಕೇತ ತನ್ನ ಪೆಟ್ಟಿಗೆ ಮುಟ್ಟಲಿಲ್ಲ. ಬದುಕಿರುವವರೆಗೂ ಅಣ್ಣನದರಲ್ಲೇ, ಒಗ್ಗದ ಬಲಗೈಯಲ್ಲೇ, ತಡವರಿಸುತ್ತಾ ಹಾರಿಸಿದ.