ಗಣಿಯೂರಿನ ನಲವತ್ತು ಹೆಬ್ಬೆಟ್ಟು

ಕೆಂಗುಡ್ಡವೆಂಬ ಗಣಿಯೂರಿನ ಧೂಳಿನ ಮಹಿಮೆ ಸಾಮಾನ್ಯವಲ್ಲ. ತಾನು ಬಿಳಿ ಕೋಳಿ ಎಂಬ ಸಂಗತಿ ಅಲ್ಲಿನ ಕೋಳಿಗೆ ಮಳೆಗಾಲದಲ್ಲಷ್ಟೇ ತಿಳಿಯುತ್ತಿತ್ತು.

ಗಣಿ ಮುಚ್ಚಿದರೆ ಗತಿಯೇನು, ಬೇರೆ ಕಸುಬು ಕಲಿಸುವ ಶಾಲೆ ಕೊಡಿ ಎಂದು ಊರವರು ಆರು ಅರ್ಜಿ ಹಾಕಿದ್ದರು. ಆರನ್ನೂ ಅವರ ಪರವಾಗಿ ಬರೆದು ತಾಲ್ಲೂಕು ಕಚೇರಿಯ ಗುಮಾಸ್ತ ಗಾದಿಲಿಂಗಪ್ಪ ಸೋತು ಸುಣ್ಣವಾಗಿದ್ದ. ಏಳನೆಯದು ಕಚೇರಿಗೆ ಬಂದ ಹೊಸ ಸಾಹೇಬರ ಮೇಜಿಗೆ ಬಂತು.

“ಶಾಲೆ ಯಾಕ್ರೀ? ಚಹಾದಂಗಡಿ, ಕ್ಷೌರ, ಹೂವು, ಪಂಕ್ಚರ್ ಅಂತ ನಲವತ್ತು ಕಸುಬು ಇವೆ ಇಲ್ಲಿ! ಗಣಿಗೂ ನಮಗೂ ಸಂಬಂಧವಿಲ್ಲ ಅಂತ ನಲವತ್ತು ಜನರ ಹೆಬ್ಬೆಟ್ಟು ತನ್ನಿ. ಇಲ್ಲದಿದ್ರೆ ನಿಮಗೆ ವರ್ಗ!”

ಗಾದಿಲಿಂಗಪ್ಪ ನಿಟ್ಟುಸಿರುಬಿಟ್ಟು, ಬಿಳಿ ಹಾಳೆಯೊಂದನ್ನು ಹಿಡಿದು ಹೊರಟ. ಸಂಜೆ ತಂದುಕೊಟ್ಟ. ನಲವತ್ತೂ ಹೆಬ್ಬೆಟ್ಟು ಕೆಂಪು.

“ಕೆಂಪು ಇಂಕು ಎಲ್ಲಿ ಸಿಕ್ತು?”

“ಇಂಕ್ ಪ್ಯಾಡು ನಿಮ್ಮ ಮೇಜಿನ ಮ್ಯಾಲೇ ಐತ್ರಿ ಸಾಹೇಬ್ರ. ಒಯ್ಯೋದು ಬೇಕೇ ಆಗ್ಲಿಲ್ಲ. ಹೂವಿನ ಹುಲಿಗೆಮ್ಮ ಸುಮ್ನ ಬೆರಳು ಒತ್ತಿದ್ಲು, ಅಚ್ಚು ಬಿತ್ತು. ಗಣಿ ಧೂಳು ಎಲ್ಲಾರ ಕೈಯಾಗೂ ಐತ್ರಿ. ಧೂಳು ನಿಂತ ದಿನ ಗಿರಾಕಿನೂ ನಿಲ್ತಾರ.”

“ಕೈ ತೊಳೆಯದವರನ್ನೇ ಹುಡುಕಿದ್ದೀರಿ!” ಎಂದು ಸಾಹೇಬರು ಮೇಜಿಗೆ ಅಂಗೈ ಬಡಿದರು. ಎತ್ತಿ ನೋಡಿದರೆ ಏಳನೇ ಅರ್ಜಿಯ ಮೇಲೆ ಐದೂ ಬೆರಳು ಕೆಂಪಗೆ ಮೂಡಿದ್ದವು.

“ನಲವತ್ತೊಂದಾತ್ರಿ,” ಎಂದ ಗಾದಿಲಿಂಗಪ್ಪ ಆಕಳಿಸುತ್ತಾ. “ಅದರ ಕೆಳಗ ಒಂದು ಸಹಿನೂ ಹಾಕಿಬಿಟ್ರ, ನನಗ ಎಂಟನೇದು ಬರಿಯೋದು ತಪ್ತದ್ರಿ.”

ಸಾಹೇಬರು ಪೆನ್ನು ತೆಗೆದರು. ಪೆನ್ನೂ ಕೆಂಪಗಿತ್ತು.